ಬಾಣಂತನ ಮುಗಿದ ಮೇಲೆ: ಹೊಸ ತಾಯಂದಿರಿಗೆ ಹನ್ನೊಂದು ಸೂತ್ರ

ತುಬಚಿ ಎಂದರೆ ಹೊರಗಿನವರಿಗೆ ಏತ ನೀರಾವರಿ ನೆನಪಾಗುತ್ತದೆ. ಕೃಷ್ಣೆಯ ನೀರನ್ನೆತ್ತಿ ಬಬಲೇಶ್ವರದ ಕಡೆಯ ಒಣಭೂಮಿಗೆ ಕೊಡುವ ಯೋಜನೆಗೆ ಈ ಊರಿನ ಹೆಸರೇ ಇದೆ. ಈ ಸೀಮೆಯ ಹೆಂಗಸರ ಲೆಕ್ಕ ಬೇರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳ ನಡುವೆ ಸದಾ ಓಡಾಡುವುದು ತೊಟ್ಟಿಲು. ಹೆಣ್ಣು ಕೊಡುವುದು, ತರುವುದು ಬಹಳಷ್ಟು ಇಲ್ಲೇ ಸುತ್ತಮುತ್ತ. ಕುಬಸ ಮಾಡಿಸಿಕೊಂಡು, ಹಸಿರು ಸೀರೆ ಉಟ್ಟು ಹಸಿರು ಬಳೆ ಇಟ್ಟುಕೊಂಡ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಹೆರಿಗೆ ಆಗುತ್ತದೆ. ಮುಂದೆ ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ಮೈಗೆ ಎಣ್ಣೆ, ಸುಡುಸುಡು ನೀರು, ತಲೆಗೆ ಸ್ಕಾರ್ಫು. ಅವ್ವ, ಅಜ್ಜಿ, ಚಿಗವ್ವ, ಓಣಿಯ ಹೆಂಗಸರು, ಒಬ್ಬರಲ್ಲ ಒಬ್ಬರು ಕೂಸನ್ನು ಎತ್ತಿಕೊಂಡೇ ಇರುತ್ತಾರೆ.

ಮೂರನೆಯದೋ ಐದನೆಯದೋ ತಿಂಗಳಿಗೆ ತೊಟ್ಟಿಲ ಸಮೇತ ಗಂಡನ ಮನೆಗೆ ಬರುತ್ತಾಳೆ. ಮರುದಿನವೇ ನಸುಕಿನಲ್ಲಿ ಎದ್ದು ಅಂಗಳದ ಕಸ, ದನದ ಸಗಣಿ, ಹೊಲಕ್ಕೆ ಹೋಗುವವರಿಗೆ ರೊಟ್ಟಿ, ಬುತ್ತಿ. ಕಬ್ಬಿನ ಕಟಾವಿನ ದಿನಗಳಾದರೆ ಹಗಲೆಲ್ಲ ಮನೆಯಲ್ಲಿ ಆಕೆ ಮತ್ತು ಕೂಸು ಇಬ್ಬರೇ. ಹೊಸ ತಾಯಿಯ ನಿಜವಾದ ಪರೀಕ್ಷೆ ಅಂದಿನಿಂದ ಶುರು. ಹೆರಿಗೆಗೆ ಇಡೀ ಊರು ಸಿದ್ಧವಾಗುತ್ತದೆ; ಮರಳಿ ಬರುವ ದಿನಕ್ಕೆ ಯಾರೂ ಸಿದ್ಧರಾಗಿರುವುದಿಲ್ಲ. ಕೆಳಗಿನ ಸೂತ್ರಗಳು ಆ ದಿನಕ್ಕಾಗಿ.

1. ತವರಿನಲ್ಲಿದ್ದಾಗಲೇ ಗಂಡನ ಊರಿನ ಮೂರು ಹೆಸರು ಬರೆದಿಡಿ

ಒಬ್ಬಳು, ಅರ್ಧ ತಾಸು ಕೂಸನ್ನು ಹಿಡಿದುಕೊಳ್ಳುವವಳು. ಇನ್ನೊಬ್ಬಳು, ನಾಲ್ಕು ಮಕ್ಕಳನ್ನು ಬೆಳೆಸಿ ಅನುಭವವಿರುವ ಹಿರಿಯಳು. ಮತ್ತೊಬ್ಬಳು, ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದರೂ ಎತ್ತುವವಳು. ಮೂರೂ ಒಬ್ಬಳೇ ಆಗಬೇಕೆಂದು ಆಸೆಪಡಬೇಡಿ, ಆಕೆಗೂ ಮನೆ ಇದೆ.

ಈ ಪಟ್ಟಿಯಲ್ಲಿ ಆಶಾ ಕಾರ್ಯಕರ್ತೆಯ ನಂಬರ್ ಇರಲೇಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು ಎಂಬ ನಿಯಮವಿದೆ. ಆಮೇಲಿನ ಭೇಟಿ ಮೂರು ತಿಂಗಳಿಗೊಂದು. ಆದರೆ ಅಷ್ಟು ದಿನ ಬಂದವಳು ತವರೂರಿನ ಆಶಾ. ಗಂಡನ ಊರಿನ ಆಶಾಗೆ ನೀವು ಬಂದಿರುವುದೇ ಗೊತ್ತಿರುವುದಿಲ್ಲ. ಬಂದ ವಾರದಲ್ಲೇ ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಹೋಗಿ ಹೆಸರು ಹಚ್ಚಿಸಿ. ಮಗುವಿನ ಲಸಿಕೆಯ ತಾರೀಖು ಈ ಊರು ಬದಲಿಸುವ ಗಡಿಬಿಡಿಯಲ್ಲೇ ಹೆಚ್ಚಾಗಿ ತಪ್ಪುತ್ತದೆ.

2. ಕೇಳುವಾಗ ತಾಸು ಹೇಳಿ ಕೇಳಿ

"ಏನರೆ ಬೇಕಾದ್ರ ಹೇಳ ತಂಗಿ" ಎಂದು ಎಲ್ಲರೂ ಹೇಳುತ್ತಾರೆ. "ಏನಿಲ್ಲಕ್ಕಾ, ಆರಾಮ ಅದೀನಿ" ಎಂದು ಎಲ್ಲ ಸೊಸೆಯರೂ ಉತ್ತರ ಕೊಡುತ್ತಾರೆ. ಇಬ್ಬರೂ ಮರ್ಯಾದೆ ಕಾಪಾಡಿಕೊಂಡರು, ಕೆಲಸ ಮಾತ್ರ ಆಗಲಿಲ್ಲ.

ಹೀಗೆ ಕೇಳಿ ನೋಡಿ: "ಅಕ್ಕಾ, ನಾಳೆ ಹತ್ತರಿಂದ ಹನ್ನೊಂದರ ತನಕ ಕೂಸಿನ ಹಿಡಕೊಂಡ ಕುಂಡರ್ತಿ ಏನ? ನಾ ತಲಿ ಮ್ಯಾಲೆ ನೀರ ಹಾಕ್ಕೊಂಡ ಒಂದೀಟ ಮಲಗತೀನಿ." ದಿನ ಇದೆ, ವೇಳೆ ಇದೆ, ಕೆಲಸ ಇದೆ, ಯಾಕೆ ಎಂಬುದೂ ಇದೆ. ಇಷ್ಟು ಬಿಡಿಸಿ ಹೇಳಿದ ಮಾತಿಗೆ ಇಲ್ಲವೆನ್ನುವ ನೆರೆಮನೆಯವರು ನಮ್ಮ ಸೀಮೆಯಲ್ಲಿ ಕಡಿಮೆ. ಇಲ್ಲವೆಂದರೂ ನಷ್ಟವೇನು? ಪಟ್ಟಿಯಲ್ಲಿ ಇನ್ನೂ ಎರಡು ಹೆಸರಿವೆ.

3. ನೆಗೆಣ್ಣಿಯನ್ನು ಗೆಲ್ಲಿ

ಧಾರಾವಾಹಿ ನೋಡಿ ನೆಗೆಣ್ಣಿಯೆಂದರೆ ವೈರಿ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಅದೇ ಅತ್ತೆ, ಅದೇ ಅಡುಗೆಮನೆ, ಅದೇ ಊರಿಗೆ ಹೊರಗಿನಿಂದ ಬಂದವಳು ಆಕೆಯೂ. ನಿಮ್ಮ ಕಷ್ಟವನ್ನು ವಿವರಿಸದೆಯೇ ಅರ್ಥ ಮಾಡಿಕೊಳ್ಳಬಲ್ಲವಳು ಮನೆಯೊಳಗೆ ಆಕೆಯೊಬ್ಬಳೇ. ಮೊದಲ ಹೆಜ್ಜೆ ನೀವಿಡಿ, ಆಕೆಯ ಮಗನ ಪರೀಕ್ಷೆಯ ದಿನ ಆಕೆಯ ಪಾಲಿನ ರೊಟ್ಟಿ ನೀವು ಬಡಿಯಿರಿ. ಮಾತು ತಾನಾಗಿ ಬರುತ್ತದೆ. ಬರದಿದ್ದರೆ ಬಿಡಿ, ಎಲ್ಲ ನೆಗೆಣ್ಣಿಯರೂ ಗೆಳತಿಯರಾಗುವುದಿಲ್ಲ ಎಂಬುದೂ ನಿಜ.

4. ಕೈಗೆ ಕೆಲಸ ಇರುವ ಗೆಳೆತನ ಹುಡುಕಿ

ಸುಮ್ಮನೆ ಕುಳಿತು ಮಾತಾಡುವ ಹೊಸ ತಾಯಿಯನ್ನು ಊರು ಸಹಿಸುವುದಿಲ್ಲ. "ಕೆಲಸ ಇಲ್ಲೇನು ಅಕಿಗೆ?" ಎಂಬ ಮಾತು ಕಟ್ಟೆಯಿಂದ ಕಟ್ಟೆಗೆ ಹೋಗುತ್ತದೆ. ಹಿಂದಿನ ಹೆಂಗಸರು ಇದಕ್ಕೆ ಉಪಾಯ ಕಂಡುಕೊಂಡಿದ್ದರು: ಕೆಲಸದ ನೆಪದಲ್ಲಿ ಕೂಡುವುದು.

ಕೌದಿ ಹೊಲಿಯುವುದನ್ನೇ ನೋಡಿ. ಅಜ್ಜಿಯ ಸವೆದ ಇಳಕಲ್ ಸೀರೆ, ಮಾವನ ಹಳೆ ಧೋತರ, ಯಾರದೋ ಮದುವೆಯ ಕುಬಸದ ತುಂಡು, ಎಲ್ಲವನ್ನೂ ಪದರ ಪದರವಾಗಿ ಪಡಸಾಲೆಯಲ್ಲಿ ಹಾಸುತ್ತಾರೆ. ಸುಕ್ಕು ಬರದಂತೆ ಅಂಗೈಯಿಂದ ಒರೆಸಿ, ದೊಡ್ಡ ಸೂಜಿಗೆ ಜೋಡೆಳೆ ದಾರ ಪೋಣಿಸಿ, ನಾಲ್ಕು ಮಂದಿ ನಾಲ್ಕು ಬದಿಗೆ ಕೂಡುತ್ತಾರೆ. ಸಣ್ಣ ಸಣ್ಣ ಹೊಲಿಗೆ ಅಂಚಿನಿಂದ ಸಾಲಾಗಿ ಒಳಗೆ ಸಾಗುತ್ತದೆ. ಕೂಸು ಪಕ್ಕದಲ್ಲೇ ಮಲಗಿರುತ್ತದೆ, ಅತ್ತರೆ ಹತ್ತಿರದ ಕೈ ತೊಟ್ಟಿಲು ತೂಗುತ್ತದೆ. ಕಣ್ಣು ಹೊಲಿಗೆಯ ಮೇಲೆ ಇರುವುದರಿಂದ ಮುಖ ನೋಡಿ ಹೇಳಲಾಗದ ಮಾತೂ ಹೊರಬೀಳುತ್ತದೆ. ಹಾಲು ಸಾಲುತ್ತಿಲ್ಲ, ಹೊಲಿಗೆ ಹಾಕಿದ ಕಡೆ ನೋಯುತ್ತದೆ, ಗಂಡನ ಮೇಲೆ ಸಿಟ್ಟು ಬರುತ್ತದೆ, ಇನ್ನೊಂದು ಕೂಸು ಸದ್ಯಕ್ಕೆ ಬೇಡ. ಆಸ್ಪತ್ರೆಯ ಸಾಲಿನಲ್ಲಿ ನಿಂತು ಇವನ್ನೆಲ್ಲ ಹೇಳುವವರು ಯಾರು?

ಬೀಸುವ ಕಲ್ಲಿನ ಮುಂದೆಯೂ ಹೀಗೇ ಇತ್ತು. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಬೀಸುತ್ತ, ತವರನ್ನೂ ಕೂಸನ್ನೂ ಹಾಡಿಗೆ ತಂದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಗುಂಪು ಆ ಹಾಡುಗಳನ್ನು ಹುಡುಕಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿತು. ಹೆಸರು ಹೇಳದ ಎಷ್ಟೋ ತಾಯಂದಿರ ಮನಸ್ಸು ಇಂದು ನಮಗೆ ಓದಲು ಸಿಗುವುದು ಆ ಗೆಳೆತನದಿಂದ. ಈಗ ಹಿಟ್ಟಿನ ಗಿರಣಿ ಬಂದಿದೆ, ತೋಳಿಗೆ ಸುಖವಾಗಿದೆ, ನನಗೇನೂ ಬೀಸುವ ಕಲ್ಲು ವಾಪಸ್ ಬರಲಿ ಎಂಬ ಆಸೆಯಿಲ್ಲ. ಎದುರು ಕೂಡುವವಳು ಮಾತ್ರ ಬೇಕು.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಹೊತ್ತು ಇದೆ. ಹಳ್ಳಿಗಳಲ್ಲಿ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಿವೆ, ಅವುಗಳ ವಾರದ ಸಭೆ ಇದೆ. ಸಾಲ, ಉಳಿತಾಯ ಮುಗಿದ ಮೇಲೆ ಹತ್ತು ನಿಮಿಷ "ಈ ವಾರ ಯಾರ ಮನೆಗೆ ಬಾಣಂತಿ ಬಂದಾಳ?" ಎಂದು ಕೇಳುವ ರೂಢಿ ಹಾಕಿಕೊಂಡರೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

5. ಹರಕೆ ಹೊರಿ, ತಾಯಿ ಕಾರ್ಡ್ ಬಿಡಬೇಡಿ

ಐದನೆಯ ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಂಬುವ ಮನೆಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ಶೂರ್ಪಾಲಿಯ ನರಸಿಂಹನಿಗೆ, ಸವದತ್ತಿಯ ಯಲ್ಲಮ್ಮನಿಗೆ, ಕೂಡಲಸಂಗಮಕ್ಕೆ, ಹತ್ತಿರದ ದರ್ಗಾಕ್ಕೆ ಹರಕೆ ಹೊತ್ತವರೂ ಇದ್ದಾರೆ. ಹೊಟ್ಟೆಯಲ್ಲಿರುವಾಗಲೇ ಕೂಸಿಗೆ ಲಿಂಗಸಂಸ್ಕಾರ ಮಾಡಿಸುವ ಮನೆತನಗಳಿವೆ. ನಲ್ವತ್ತು ದಿನ ಎಣಿಸಿ ಬಾಣಂತಿಗೆ ನೀರೆರೆಯುವ ಮುಸ್ಲಿಂ ಮನೆಗಳಿವೆ. ಇದನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಬಾಣಂತಿಯ ಪಕ್ಕ ಒಂದು ರಾತ್ರಿ ಕುಳಿತಿರಲಿಕ್ಕಿಲ್ಲ. ನಂಬಿಕೆ ಆಕೆಗೆ ಮೂರು ಸಂಗತಿ ಕೊಡುತ್ತದೆ: ಭಯವನ್ನು ಯಾರಿಗೋ ಒಪ್ಪಿಸುವ ಜಾಗ, ಮನೆಯಿಂದ ಹೊರಗೆ ಕಾಲಿಡಲು ಎಲ್ಲರೂ ಒಪ್ಪುವ ಕಾರಣ, ಮತ್ತು ಗುಡಿಯ ಕಟ್ಟೆಯ ಮೇಲೆ ಸಿಗುವ ನಾಲ್ಕು ಮಂದಿ ಹೆಂಗಸರು.

ಅದೇ ನಂಬಿಕೆ ಎರಡು ಕಡೆ ಕೈ ಕೊಡುತ್ತದೆ. ಒಂದು, ಕೂಸಿಗೆ ಏನೇ ಆದರೂ ತಾಯಿಯ ಪಾಪ ಎನ್ನುವಾಗ. ಇನ್ನೊಂದು, ಆಸ್ಪತ್ರೆಗೆ ಹೋಗುವ ಹೊತ್ತಿನಲ್ಲಿ ದೃಷ್ಟಿ ತೆಗೆಯುತ್ತ ಕೂಡುವಾಗ. ಕೂಸು ಮೊಲೆ ಹಿಡಿಯದೆ ಮಂಕಾದರೆ, ಮೈ ತಣ್ಣಗಾದರೆ ಇಲ್ಲವೇ ಕಾಯ್ದರೆ, ಉಸಿರು ಬಿರುಸಾದರೆ, ಬಾಣಂತಿಗೆ ವಿಪರೀತ ರಕ್ತ ಹೋದರೆ, ಜ್ವರ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಮೊದಲು 108ಕ್ಕೆ ಫೋನ್. ಕರ್ನಾಟಕದಲ್ಲಿ ಈ ಆಂಬ್ಯುಲೆನ್ಸ್ ಸೇವೆ 2008ರ ನವೆಂಬರ್ 1ರಿಂದ ಇದೆ. ದೃಷ್ಟಿಯನ್ನು ಗಾಡಿ ಬರುವ ತನಕ ತೆಗೆಯಬಹುದು, ದೇವರಿಗೆ ಬೇಸರವಿಲ್ಲ.

ಇನ್ನೆರಡು ಹಳೇ ಕಟ್ಟಳೆಗಳನ್ನು ಅತ್ತೆಗೆ ನಯವಾಗಿ ಹೇಳಿ ಬಿಡಿಸಿ. ಬಾಣಂತಿಗೆ ನೀರು ಕೊಡಬಾರದು ಎಂಬುದು ಒಂದು. ಹಾಲೂಡಿಸುವವಳಿಗೆ ನೀರು ಬೇಕೇ ಬೇಕು. ಕಿಟಕಿ ಮುಚ್ಚಿ ಕೆಂಡದ ಶಗಡಿ ಇಡುವುದು ಇನ್ನೊಂದು. ಆ ಹೊಗೆ ಕೂಸಿನ ಎದೆಗೆ ಕೆಟ್ಟದ್ದು, ಬೆಚ್ಚಗಿಡಲು ಕುಂಚಿಗೆ, ಕೌದಿ ಸಾಕು. ಜೇನು, ಬೆಲ್ಲದ ನೀರು ಕೂಸಿಗೆ ಬೇಡ, ಆರು ತಿಂಗಳು ತುಂಬುವ ತನಕ ತಾಯಿಯ ಹಾಲೊಂದೇ.

6. ಶೀಗಿ ಹುಣ್ಣಿಮೆಯ ನಿಯಮವನ್ನು ಮನೆಯೊಳಗೂ ತನ್ನಿ

ನಮ್ಮ ಕಡೆ ಶೀಗಿ ಹುಣ್ಣಿಮೆಗೆ ಭೂಮಿತಾಯಿ ತುಂಬಿದ ಬಸುರಿ. ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ ಮಾಡಿಕೊಂಡು, ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಆಕೆಯ ಬಯಕೆ ತೀರಿಸುವ ಹಬ್ಬ ಅದು. ಗಂಡಸರೇ ಮುಂದೆ ನಿಂತು ಮಾಡುತ್ತಾರೆ, ಭಕ್ತಿಯಿಂದಲೇ ಮಾಡುತ್ತಾರೆ. ಹೊಲದ ಬಯಕೆ ಕೇಳುವ ಆ ಮನುಷ್ಯ ಮನೆಯಲ್ಲಿರುವವಳನ್ನು "ಇವತ್ತ ನಿನಗ ಏನ ತಿನಬೇಕ ಅನಸ್ತದ?" ಎಂದು ಕೇಳಿದ್ದಾನೆಯೇ ಎಂಬುದನ್ನು ಆತನ ತಾಯಿಯೇ ವಿಚಾರಿಸಲಿ.

7. ಎರಡು ವಾರದ ಗಡುವು ಇಟ್ಟುಕೊಳ್ಳಿ

ಈ ಹನ್ನೊಂದರಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಹೆರಿಗೆಯಾದ ಮೂರು-ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೆ ರೇಗುವುದು ಬಹಳ ತಾಯಂದಿರಿಗೆ ಆಗುತ್ತದೆ. ನಿದ್ದೆ, ಊಟ, ಹತ್ತಿರದವರ ಸಮಾಧಾನದ ಮಾತು ಇದ್ದರೆ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಭಾರವಾಗಿದ್ದರೆ, ಕೂಸನ್ನು ಕಂಡರೆ ಏನೂ ಅನಿಸದಿದ್ದರೆ, ಕೂಸು ಮಲಗಿದ್ದರೂ ನಿದ್ದೆ ಬಾರದಿದ್ದರೆ, 'ನಾನಿಲ್ಲದಿದ್ದರೇ ಚೆನ್ನ' ಎಂಬ ಯೋಚನೆ ಬಂದರೆ ಅದು ಖಿನ್ನತೆ ಇರಬಹುದು. ಇದು ಹೆರಿಗೆಯಾಗಿ ತಿಂಗಳುಗಳಾದ ಮೇಲೂ ಬರಬಹುದು, ಎಂದರೆ ತವರಿನ ಕೈಗಳೆಲ್ಲ ಬಿಟ್ಟುಹೋದ ಮೇಲೆ. ಇದಕ್ಕೆ ಔಷಧ ಇದೆ, ಸಮಾಲೋಚನೆ ಇದೆ, ಗುಣವಾಗುತ್ತದೆ. ಮೂರನೆಯದು ವಿರಳ, ಆದರೆ ತುರ್ತು: ಹೆರಿಗೆಯಾದ ಮೊದಲ ವಾರಗಳಲ್ಲೇ ಬಾಣಂತಿ ಇಲ್ಲದ್ದನ್ನು ಕಾಣುವುದು, ಕೇಳುವುದು, ಅಸಂಬದ್ಧ ಮಾತಾಡುವುದು. ಊರು ಅದನ್ನು 'ಗಾಳಿ ಸೋಂಕು' ಎನ್ನುತ್ತದೆ. ಅದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಕಾಯಿಲೆ. ಆಕೆಯನ್ನೂ ಕೂಸನ್ನೂ ಇಬ್ಬರನ್ನೇ ಬಿಡಬಾರದು.

ಕನ್ನಡದ ಹೆಂಗಸರಿಗೆ ಇದು ಹೊಸ ಸುದ್ದಿಯಲ್ಲ. ತ್ರಿವೇಣಿ 'ಶರಪಂಜರ' ಕಾದಂಬರಿಯಲ್ಲಿ ಬರೆದದ್ದು ಇದನ್ನೇ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗುಣವಾಗಿದ್ದಾಳೆ ಎಂಬುದನ್ನು ಮನೆ ಒಪ್ಪುವುದಿಲ್ಲ, ನಕ್ಕರೂ ಅನುಮಾನ, ಅತ್ತರೂ ಅನುಮಾನ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು, ನಮ್ಮ ತಾಯಂದಿರು ಟಾಕೀಸಿನಲ್ಲಿ ಕುಳಿತು ಅತ್ತರು. ಅತ್ತವರು ಮನೆಗೆ ಬಂದು ತಮ್ಮ ಸೊಸೆಯನ್ನು ಬೇರೆ ಕಣ್ಣಿನಿಂದ ನೋಡಿದರೇ ಎಂಬುದು ಬೇರೆ ಮಾತು. ಇಷ್ಟು ನಿಚ್ಚಳವಾಗಿ ಬರೆದ ತ್ರಿವೇಣಿ 1963ರಲ್ಲಿ ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಇನ್ನೊಂದು ಕತೆ ಹಾಸನದ್ದು. ಬಾನು ಮುಷ್ತಾಕ್ ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ತಾಯಿಯಾದಾಗ ಹೆರಿಗೆ ನಂತರದ ಖಿನ್ನತೆಗೆ ಒಳಗಾದದ್ದನ್ನು ಮುಚ್ಚುಮರೆಯಿಲ್ಲದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ದಿನಗಳಿಂದ ಹೊರಬರುವ ದಾರಿಯಲ್ಲಿ ಬರವಣಿಗೆ ಅವರ ಕೈ ಹಿಡಿಯಿತು. ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಪ್ರಶಸ್ತಿಯ ಸುದ್ದಿ ಎಲ್ಲರಿಗೂ ಗೊತ್ತು. ಆ ಖಿನ್ನತೆಯ ಸುದ್ದಿಯೂ ಅಷ್ಟೇ ಮನೆಗಳನ್ನು ಮುಟ್ಟಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮಾಡಬೇಕಾದ್ದು ಇಷ್ಟು. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಇದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಮೂಲಕ ತಿಳಿದುಕೊಳ್ಳಿ. ಕಾಯಿಲೆ ಜೋರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಗೆಳತಿಯ ಪಾಲಿನ ಕೆಲಸ ಇನ್ನೂ ಸಣ್ಣದು. "ಕೂಸು ಆರಾಮ ಐತೇನು?" ಎಂದು ಕೇಳಿದ ಮೇಲೆ "ನೀ ಆರಾಮ ಅದಿ ಏನವಾ?" ಎಂದೂ ಕೇಳಿ. ಕೇಳಿ ಸುಮ್ಮನಿರಿ, ಉತ್ತರ ಬರಲು ಹೊತ್ತು ಹಿಡಿಯುತ್ತದೆ.

8. ಹೊಳೆ ಬರುವ ಮೊದಲೇ ಗಂಟು ಕಟ್ಟಿಡಿ

ಕೃಷ್ಣೆಯ ದಂಡೆಯ ತಾಯಂದಿರಿಗೆ ಬೇರೆ ಊರಿನವರಿಗಿಲ್ಲದ ಪಾಠವೊಂದಿದೆ. 2019ರ ಆಗಸ್ಟಿನಲ್ಲಿ ಹೊಳೆ ಏರಿದಾಗ ಜಮಖಂಡಿ ತಾಲ್ಲೂಕಿನ ದಂಡೆಯ ಊರುಗಳ ಜನ ಕೂಸು-ಕುನ್ನಿ, ದನ-ಕರು ಕಟ್ಟಿಕೊಂಡು ಎತ್ತರದ ಜಾಗಕ್ಕೆ, ಶಾಲೆಗಳಿಗೆ ಹೋದರು. ಹಸಿ ಬಾಣಂತಿಗೆ ನೂರು ಮಂದಿಯ ನಡುವೆ ಕೂಸಿಗೆ ಹಾಲೂಡಿಸಲು ಒಂದು ಮೂಲೆ ಬೇಕು ಎಂಬುದು ಗಂಜಿ ಹಂಚುವ ಗಡಿಬಿಡಿಯಲ್ಲಿ ಯಾರಿಗೆ ಹೊಳೆಯುತ್ತದೆ?

ಮಳೆಗಾಲಕ್ಕೆ ಮೊದಲೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್, ಕೂಸಿನ ಎರಡು ಜೊತೆ ಬಟ್ಟೆ, ಒಂದು ಹಳೇ ಸೀರೆ (ಮರೆಗೂ ಆಗುತ್ತದೆ, ಜೋಳಿಗೆಗೂ ಆಗುತ್ತದೆ), ಓಆರ್‌ಎಸ್ ಪೊಟ್ಟಣ ಇಡಿ. ಎತ್ತರದ ಊರಿನಲ್ಲಿರುವ ಗೆಳತಿಯೊಬ್ಬಳಿಗೆ ಜೂನ್‌ನಲ್ಲೇ ಹೇಳಿಡಿ, "ಹೊಳಿ ಬಂದ್ರ ನಿಮ್ಮನಿಗೇ ಬರತೀನಿ" ಎಂದು.

ಇದಕ್ಕಿಂತ ದೊಡ್ಡ ಆತಂಕ ಮುಳುಗಡೆಯದು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆಯ ಚರ್ಚೆಯಲ್ಲಿ ಎಕರೆಗೆಷ್ಟು, ಮನೆಗೆಷ್ಟು ಎಂಬ ಲೆಕ್ಕ ನಡೆಯುತ್ತದೆ, ನಡೆಯಬೇಕು ಕೂಡ. ಕೂಸನ್ನು ಹಿಡಿಯುತ್ತಿದ್ದ ಪಕ್ಕದ ಮನೆಯವಳನ್ನು ಕಳೆದುಕೊಳ್ಳುವುದಕ್ಕೆ ಆ ಲೆಕ್ಕದಲ್ಲಿ ಕಾಲಂ ಇಲ್ಲ. ಪುನರ್ವಸತಿಗೆ ಹೋಗುವ ದಿನ ಬಂದರೆ ನಿವೇಶನ ಕೇಳುವಾಗ ಒಂದೇ ಓಣಿಯವರು ಒಟ್ಟಿಗೇ ಇರುವಂತೆ ಕೇಳಿ. ಹೆಂಗಸರು ಕೇಳದಿದ್ದರೆ ಇದನ್ನು ಇನ್ಯಾರೂ ಕೇಳುವುದಿಲ್ಲ.

9. ನಿಮ್ಮ ಹೆಸರಿನ ಖಾತೆ, ನಿಮ್ಮ ಕೈಯಲ್ಲಿ ಪಾಸ್‌ಬುಕ್

ಮೊದಲ ಮಗುವಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿ ಕಂತಿನಲ್ಲಿ ತಾಯಿಯ ಖಾತೆಗೇ ಬರುತ್ತದೆ. ಗೃಹಲಕ್ಷ್ಮಿಯ ತಿಂಗಳ 2,000 ಮನೆಯ ಯಜಮಾನತಿಗೆ, ಎಂದರೆ ಕೂಡುಕುಟುಂಬದಲ್ಲಿ ಸಾಮಾನ್ಯವಾಗಿ ಅತ್ತೆಗೆ. ಅದಕ್ಕೆ ಜಗಳ ಬೇಡ. 2017ರ ಅಕ್ಟೋಬರ್ 2ರಂದು ರಾಜ್ಯದ ಎಲ್ಲೆಡೆ ಶುರುವಾದ ಮಾತೃಪೂರ್ಣದಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿ ಊಟ. ನಾಚಿಕೆ ಬಿಟ್ಟು ಹೋಗಿ ಉಣ್ಣಿ. ಊಟದ ನೆಪದಲ್ಲಿ ನಿಮ್ಮಂತಹ ಇನ್ನಿಬ್ಬರು ಅಲ್ಲೇ ಸಿಗುತ್ತಾರೆ, ಅದು ಊಟಕ್ಕಿಂತ ದೊಡ್ಡ ಲಾಭ.

10. ಕೂಸಿನ ಜೊತೆ ನೀವೂ ಒಂದು ತರಗತಿ ಮೇಲೇರಿ

ತಾಯ್ತನ ಎಲ್ಲವನ್ನೂ ಕಲಿಸುತ್ತದೆ ಎಂಬ ಮಾತು ಭಾಷಣಕ್ಕೆ ಚೆಂದ. ನಿದ್ದೆಗೆಟ್ಟ ಮನುಷ್ಯ ಏನನ್ನೂ ಕಲಿಯುವುದಿಲ್ಲ. ಮೊದಲ ಆರು ತಿಂಗಳು ನಿದ್ದೆ, ಊಟ, ಹಾಲೂಡಿಸುವುದು, ಇಷ್ಟೇ ಸಾಧನೆ.

ಆಮೇಲೆ ಒಂದನ್ನು ಹಿಡಿಯಿರಿ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ಗಣಿತವೋ, ಅರ್ಧಕ್ಕೆ ಬಿಟ್ಟ ಪಿಯುಸಿಯೋ, ಹೊಲಿಗೆ ಮಷೀನೋ, ಸಂಘದ ಲೆಕ್ಕ ಬರೆಯುವುದೋ. ಎರಡನ್ನು ಹಿಡಿಯಬೇಡಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಹಣವಿಲ್ಲ, ಜಮಖಂಡಿಯ ತನಕ ಹೋಗಿ ಬರಲು ಯಾರ ಜೇಬನ್ನೂ ನೋಡಬೇಕಿಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ ರಾಜ್ಯದಲ್ಲಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಇದ್ದರೆ ಬೀಗ ತೆರೆಯುತ್ತಾರೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಎದ್ದು ನಿಂತು ಕೇಳಿದ್ದೇ ಆ ವರ್ಷದ ನಿಮ್ಮ ಬೆಳವಣಿಗೆ ಎಂದುಕೊಳ್ಳಿ.

ಇಲ್ಲೇ ಪಕ್ಕದ ಚಿಕ್ಕಪಡಸಲಗಿಯಲ್ಲಿ, ಸರ್ಕಾರವನ್ನು ಕಾಯುತ್ತ ಕೂಡದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. 1989ರ ಮಾತು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಹೊಳೆಗೇ ಅಡ್ಡಗಟ್ಟೆ ಹಾಕಿದ ಜನರ ಮನೆಯ ಹೆಣ್ಣುಮಕ್ಕಳು ನಾವು. ಐದು ಮಂದಿ ಸೇರಿ ಐದು ಕೂಸುಗಳನ್ನು ಪಾಳಿಯಂತೆ ನೋಡಿಕೊಳ್ಳುವುದು ಆಗದ ಮಾತೇ? ಸೋಮವಾರ ಒಬ್ಬಳ ಮನೆ, ಮಂಗಳವಾರ ಇನ್ನೊಬ್ಬಳ ಮನೆ. ವಾರದಲ್ಲಿ ನಾಲ್ಕು ದಿನ ಪ್ರತಿಯೊಬ್ಬಳಿಗೂ ಎರಡೆರಡು ತಾಸು ಕೈ ಖಾಲಿ. ಪಾಳಿ ತಪ್ಪಿಸಿದವಳನ್ನು ಬಿಟ್ಟು ಉಳಿದವರು ಮುಂದುವರಿಯಿರಿ, ಆಕೆ ತಾನಾಗಿ ಬರುತ್ತಾಳೆ.

11. ಅಪ್ಪನಿಗೂ ಒಂದು ಪಾಳಿ

ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನು, ಬಟ್ಟೆ ಬದಲಿಸುವುದನ್ನು, ಹಾಲು ಕುಡಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುವುದನ್ನು ಗಂಡಸು ಕಲಿಯಬಹುದು. ರಾತ್ರಿ ಹತ್ತಕ್ಕೆ ಕಬ್ಬಿಗೆ ನೀರು ಬಿಡಲು ಏಳುವವನಿಗೆ ಎರಡು ಗಂಟೆಗೆ ಕೂಸಿಗಾಗಿ ಏಳುವುದು ಕಷ್ಟವಲ್ಲ. ಮಂದಿ ನಗುತ್ತಾರೆ ಎಂದರೆ ನಗಲಿ, ನಾಲ್ಕು ದಿನ ನಕ್ಕು ಸುಮ್ಮನಾಗುತ್ತಾರೆ. ಆತ ಸರಿಯಾಗಿ ಮಾಡುವುದಿಲ್ಲ ಎಂದು ಕೈಯಿಂದ ಕಸಿದುಕೊಳ್ಳಬೇಡಿ, ನಿಮಗೂ ಮೊದಲ ದಿನ ಬಂದಿರಲಿಲ್ಲ.

ಇದನ್ನು ಓದುತ್ತಿರುವ ನೀವು ಹೊಸ ತಾಯಿಯಲ್ಲದಿರಬಹುದು. ಮಕ್ಕಳು ದೊಡ್ಡವರಾಗಿರಬಹುದು, ಮಕ್ಕಳೇ ಇಲ್ಲದಿರಬಹುದು. ನಿಮ್ಮ ಓಣಿಯಲ್ಲಿ ತವರಿನಿಂದ ಮರಳಿದವಳೊಬ್ಬಳು ಇದ್ದೇ ಇರುತ್ತಾಳೆ. ನಾಳೆ ಅವರ ಮನೆಯ ಗಂಡಸರು ಹೊಲಕ್ಕೆ ಹೋದ ಮೇಲೆ ಅಲ್ಲಿಗೆ ಹೋಗಿ, ಎರಡು ರೊಟ್ಟಿ ಕಟ್ಟಿಕೊಂಡು ಹೋಗಿ. ಚಹಾ ಮಾಡಬೇಡ ಎಂದು ಬಾಗಿಲಲ್ಲೇ ಹೇಳಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆಕೆಗೆ ಮಲಗಲು ಹೇಳಿ.